ಏಳನೆಯವನಿಲ್ಲದ ಕಣ್ಣು

ಕತ್ತಲ ಕೋಣೆಯಲ್ಲೊಂದು ಗಾಜಿನ ಕೊಳವೆ. ಒಂದು ತುದಿಯಲ್ಲಿ ಹಸಿರು ದೀಪ, ಇನ್ನೊಂದು ತುದಿಯಲ್ಲಿ ನಮ್ಮ ಕಣ್ಣಿಗೆ ಕಾಣದ ಅತಿನೇರಳೆ ಬೆಳಕು. ನಡುವೆ ಹಣ್ಣುನೊಣಗಳನ್ನು ಬಿಟ್ಟರೆ ಅವು ಹಿಂದೆಮುಂದೆ ನೋಡುವುದಿಲ್ಲ, ಅತಿನೇರಳೆಯ ಕಡೆಗೇ ಗುಳೆ ಹೊರಡುತ್ತವೆ. 1970ರ ದಶಕದಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ, ಸೀಮರ್ ಬೆಂಜರ್ ಅವರ ಪ್ರಯೋಗಾಲಯದಲ್ಲಿ ಹೀಗೆ ಬೆಳಕಿನ ಆಯ್ಕೆ ಕೊಟ್ಟು ನೊಣಗಳನ್ನು ಜರಡಿ ಹಿಡಿಯುತ್ತಿದ್ದರು. ಆಗ ಒಂದು ವಂಶದ ನೊಣಗಳು ಮಾತ್ರ ಊರೆಲ್ಲ ಹೋದ ದಾರಿ ಬಿಟ್ಟು ಹಸಿರಿನ ಕಡೆಗೆ ನಡೆದವು.

ಆ ನೊಣದ ಕಣ್ಣನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟಾಗ ಕಾರಣ ಕಂಡಿತು. ಹಣ್ಣುನೊಣದ ಒಂದೊಂದು ಕೆಂಪು ಕಣ್ಣೂ ಸುಮಾರು 800 ಪುಟ್ಟ ಕಣ್ಣುಗಳ ಜೇನುಗೂಡು. ಪ್ರತಿ ಪುಟ್ಟ ಕಣ್ಣಿನಲ್ಲೂ ಬೆಳಕು ಹಿಡಿಯುವ ಎಂಟು ಜೀವಕೋಶಗಳು. ಸೀಳಿದ ತುಂಡಿನಲ್ಲಿ ಅವು ರಂಗೋಲಿಯ ಚುಕ್ಕಿಗಳ ಹಾಗೆ ಕಾಣುತ್ತವೆ: ಸುತ್ತ ಆರು, ನಡುವೆ ಒಂದು. ಎಂಟನೆಯದು ನಡುವಿನದರ ಕೆಳಗೆ ಅಡಗಿರುತ್ತದೆ, ಇನ್ನೂ ಆಳಕ್ಕೆ ಸೀಳಿದರಷ್ಟೇ ಸಿಗುತ್ತದೆ. ಹಸಿರಿಗೆ ಒಲಿದ ನೊಣದಲ್ಲಿ ಸುತ್ತಲಿನ ಆರೂ ಚುಕ್ಕಿ ನೆಟ್ಟಗಿದ್ದವು, ನಡುವಿನದೇ ಇರಲಿಲ್ಲ. ಅತಿನೇರಳೆಯನ್ನು ಹಿಡಿಯುವ ಆ ಜೀವಕೋಶಕ್ಕೆ ಕೊಟ್ಟಿದ್ದ ಸಂಖ್ಯೆ ಏಳು. ಹಾಗಾಗಿ ನೊಣಕ್ಕೆ ‘ಸೆವೆನ್‌ಲೆಸ್’ ಎಂದು ಹೆಸರಿಟ್ಟರು, ಅಂದರೆ ಏಳಿಲ್ಲದ್ದು. 1976ರಲ್ಲಿ ವಿಲಿಯಂ ಹ್ಯಾರಿಸ್ ಮತ್ತು ಸಂಗಡಿಗರು ಅದರ ಬಗ್ಗೆ ಬರೆದರು.

ಒಂದು ನೊಣದ ಕಣ್ಣಿನಲ್ಲಿ ಒಂದು ಜೀವಕೋಶ ಕಮ್ಮಿ. ಇದಕ್ಕೊಂದು ಅಂಕಣ ಬೇಕಿತ್ತೇ ಎಂದು ನೀವು ಕೇಳಬಹುದು. ಬೇಕಿತ್ತು. ಆ ಖಾಲಿ ಚುಕ್ಕಿಯ ಬೆನ್ನು ಹತ್ತಿ ಹೋದವರು ಮುಂದಿನ 20 ವರ್ಷಗಳಲ್ಲಿ ಜೀವಕೋಶದೊಳಗಿನ ಒಂದು ದೊಡ್ಡ ಸಂದೇಶದ ದಾರಿಯನ್ನೇ ಬಿಡಿಸಿಟ್ಟರು. ನಮ್ಮ ಮೈಯಲ್ಲಿ ಎಷ್ಟೋ ಬಗೆಯ ಕ್ಯಾನ್ಸರ್ ಹುಟ್ಟುವುದು ಅದೇ ದಾರಿ ಕೆಟ್ಟಾಗ.

ಮೊದಲು ಕೈನೇಸ್ ಅಂದರೇನು ಎಂಬುದನ್ನು ಮುಗಿಸಿಬಿಡೋಣ. ಫಾಸ್ಫೇಟ್ ಎಂಬ ಮಾತು ನಮ್ಮ ರೈತರಿಗೆ ಹೊಸದಲ್ಲ, ಡಿಎಪಿ ಚೀಲದ ಮೇಲೆ ಓದಿರುತ್ತಾರೆ. ಜೀವಕೋಶದಲ್ಲಿ ಎಟಿಪಿ ಎಂಬ ಅಣುವಿನ ಬಾಲದಲ್ಲಿ ಇಂಥ ಮೂರು ಫಾಸ್ಫೇಟ್ ತುಣುಕುಗಳಿವೆ. ಕೊನೆಯದನ್ನು ಕಿತ್ತು ಇನ್ನೊಂದು ಪ್ರೊಟೀನಿಗೆ ಅಂಟಿಸುವ ಪ್ರೊಟೀನೇ ಪ್ರೊಟೀನ್ ಕೈನೇಸ್. ಅಂಟಿಸುವ ಜಾಗವೂ ಸಿಕ್ಕಾಪಟ್ಟೆ ಇಲ್ಲ. ಪ್ರಾಣಿಗಳಲ್ಲಿ ಹೆಚ್ಚಾಗಿ ಸೆರೀನ್, ಥ್ರಿಯೋನಿನ್, ಟೈರೋಸಿನ್ ಎಂಬ ಮೂರು ಅಮೈನೋ ಆಮ್ಲಗಳ ಮೇಲೆ. ಫಾಸ್ಫೇಟ್ ಬಂದು ಕೂತರೆ ಅದರ ಋಣ ವಿದ್ಯುದಾವೇಶಕ್ಕೆ ಪ್ರೊಟೀನಿನ ಮಡಿಕೆ ಅತ್ತಿತ್ತ ಸರಿಯುತ್ತದೆ. ಮಲಗಿದ್ದ ಪ್ರೊಟೀನ್ ಏಳುತ್ತದೆ, ಅಥವಾ ಎದ್ದಿದ್ದು ಮಲಗುತ್ತದೆ. ಅಂಟಿದ್ದನ್ನು ಕೀಳಲು ಫಾಸ್ಫಟೇಸ್ ಎಂಬ ಬೇರೆಯೇ ಪ್ರೊಟೀನುಗಳಿವೆ. ಹಚ್ಚುವವರು ಒಂದು ಕಡೆ, ಒರೆಸುವವರು ಇನ್ನೊಂದು ಕಡೆ. ಇದನ್ನು 1950ರ ದಶಕದಲ್ಲಿ ಸಿಯಾಟಲ್‌ನಲ್ಲಿ ಮೊದಲು ಕಂಡ ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ಅವರಿಗೆ ನೊಬೆಲ್ ಬಂದದ್ದು 1992ರಲ್ಲಿ. ಮನುಷ್ಯನ ಕೈನೇಸ್‌ಗಳನ್ನು 2002ರಲ್ಲಿ ಎಣಿಸಿದಾಗ 518 ಸಿಕ್ಕವು. ನೊಣದಲ್ಲಿ ಅದರ ಅರ್ಧಕ್ಕೆ ಹತ್ತಿರ, 240ರ ಆಸುಪಾಸು.

ಪಠ್ಯಪುಸ್ತಕಗಳು ಕೈನೇಸ್ ಅನ್ನು ಸ್ವಿಚ್ ಎಂದು ಕರೆದು ಮುಗಿಸುತ್ತವೆ. ನನಗೆ ಆ ಮಾತು ಅಷ್ಟಾಗಿ ಹಿಡಿಸುವುದಿಲ್ಲ. ಸ್ವಿಚ್ಚಿಗೆ ಎರಡೂ ಕಡೆ ಸಮ. ಕೈನೇಸ್ ಹಾಗಲ್ಲ, ಅದರ ಸಹಜಸ್ಥಿತಿ ಹೆಚ್ಚಾಗಿ ಮುಚ್ಚಿದ ಬಾಗಿಲು. ಎಟಿಪಿ ಹಿಡಿಯುವ ಅದರ ಬಾಯಿಗೆ ಅದರದೇ ಮೈಯ ಒಂದು ಎಳೆ ಅಗುಳಿಯ ಹಾಗೆ ಅಡ್ಡ ಬಿದ್ದಿರುತ್ತದೆ, ಇಲ್ಲವೇ ಅದರದೇ ಇನ್ನೊಂದು ತುದಿ ಮಡಚಿ ಬಂದು ಮೇಲೆ ಕೂತಿರುತ್ತದೆ. ಕೆಲಸ ಮಾಡುವ ತಾಕತ್ತು ಅದಕ್ಕೆ ಹುಟ್ಟಿನಿಂದಲೇ ಇದೆ. ಅದನ್ನು ಮಾಡಗೊಡದೆ ಇಟ್ಟಿರುವುದೇ ಜೀವಕೋಶದ ದೊಡ್ಡ ಕೆಲಸ. ಕೈನೇಸ್‌ನ ಕಥೆ ಅಂದರೆ ಮುಖ್ಯವಾಗಿ ಬೀಗದ ಕಥೆ.

ಮತ್ತೆ ಕಣ್ಣಿಗೆ ಬರೋಣ. ನೊಣದ ಕಣ್ಣು ಕಟ್ಟಲು ಶುರುವಾಗುವುದು ಅದು ಇನ್ನೂ ಮರಿಹುಳುವಾಗಿರುವಾಗ. ಹುಳುವಿನ ತಲೆಯೊಳಗೆ ಒಂದು ಚಪ್ಪಟೆ ಜೀವಕೋಶಗಳ ಹಾಳೆ. ಅದರ ಹಿಂಬದಿಯಿಂದ ಮುಂಬದಿಗೆ ಒಂದು ತಗ್ಗು ನಿಧಾನವಾಗಿ ಸರಿಯುತ್ತ ಹೋಗುತ್ತದೆ. ಗದ್ದೆಯಲ್ಲಿ ನೇಗಿಲ ಸಾಲು ಬಿದ್ದ ಹಾಗೆ. ಈ ವಿದ್ಯೆಯವರು ಅದನ್ನು ಕರೆಯುವುದೂ ಸಾಲು ಎಂದೇ. ಸಾಲು ಹಾದುಹೋದ ಕಡೆ ಜೀವಕೋಶಗಳು ಗುಂಪುಗೂಡುತ್ತವೆ, ಸುಮಾರು ಎರಡು ಗಂಟೆಗೊಂದು ಹೊಸ ಸಾಲಿನ ಪುಟ್ಟ ಕಣ್ಣುಗಳು. ಗುಂಪು ಸೇರುವುದಕ್ಕೂ ಕ್ರಮವಿದೆ. ಮೊದಲು ಬರುವವನು ಎಂಟನೆಯವ. ಆಮೇಲೆ ಎರಡು ಮತ್ತು ಐದು, ಮೂರು ಮತ್ತು ನಾಲ್ಕು, ಒಂದು ಮತ್ತು ಆರು, ಹೀಗೆ ಜೋಡಿಜೋಡಿಯಾಗಿ. ಪಂಕ್ತಿಯಲ್ಲಿ ಕಡೆಗೆ ಬಂದು ಕೂರುವವನು ಏಳನೆಯವ. ಸಂಖ್ಯೆ ಕೊಟ್ಟವರು ಕೂತ ಜಾಗ ನೋಡಿ ಕೊಟ್ಟಿದ್ದಾರೆ, ಬಂದ ಹೊತ್ತು ನೋಡಿ ಅಲ್ಲ. ಅದಕ್ಕೇ ಈ ಗೊಂದಲ.

ಸೆವೆನ್‌ಲೆಸ್ ನೊಣದಲ್ಲಿ ಏಳನೆಯವನಾಗಬೇಕಿದ್ದ ಜೀವಕೋಶ ಸತ್ತಿರುವುದಿಲ್ಲ. ಅಲ್ಲೇ ಇದೆ. ಆದರೆ ಬೆಳಕು ಹಿಡಿಯುವ ನರಕೋಶವಾಗುವ ಬದಲು ಮಸೂರ ಕಟ್ಟುವ ಕೋನ್ ಜೀವಕೋಶವಾಗಿ ಹೋಗಿದೆ. ಮನೆಗೆ ಬಂದವನಿಗೆ ಯಾರೂ ಎಲೆ ಹಾಕಲಿಲ್ಲ, ಅವನು ಬಡಿಸಲು ನಿಂತುಬಿಟ್ಟ. ಹಾಗಾದರೆ ಆ ಜೀವಕೋಶಕ್ಕೆ ತಲುಪಬೇಕಿದ್ದ ಒಂದು ಮಾತು ತಲುಪಿಲ್ಲ ಎಂದಾಯಿತು. ಯಾವ ಮಾತು, ಯಾರು ಹೇಳಬೇಕಿತ್ತು, ಕೇಳುವ ಕಿವಿ ಯಾವುದು?

ಕಿವಿ ಮೊದಲು ಸಿಕ್ಕಿತು. 1987ರಲ್ಲಿ ಬರ್ಕ್ಲಿಯ ಜೆರಾಲ್ಡ್ ರೂಬಿನ್ ಅವರ ಜತೆಗೂಡಿ ಅರ್ನ್ಸ್ಟ್ ಹಾಫೆನ್ ಮತ್ತು ಕೊನ್ರಾಡ್ ಬಾಸ್ಲರ್, ಇತ್ತ ಬೆಂಜರ್ ಅವರ ಜತೆ ಉತ್ಪಲ್ ಬ್ಯಾನರ್ಜಿ, ಸೆವೆನ್‌ಲೆಸ್ ವಂಶವಾಹಿಯನ್ನು ಓದಿದರು. ಅದು ಹೇಳಿಕೊಡುವುದು ಎರಡೂವರೆ ಸಾವಿರಕ್ಕೂ ಹೆಚ್ಚು ಅಮೈನೋ ಆಮ್ಲಗಳ ಒಂದು ಭಾರೀ ಪ್ರೊಟೀನನ್ನು. ದೊಡ್ಡ ತಲೆ ಜೀವಕೋಶದ ಹೊರಗೆ, ನಡು ಪೊರೆಯಲ್ಲಿ, ಬಾಲ ಒಳಗೆ. ಆ ಬಾಲವೇ ಟೈರೋಸಿನ್ ಕೈನೇಸ್. ಅಂದರೆ ಹೊರಗಿನ ಮಾತು ಕೇಳಿಸಿಕೊಂಡು ಒಳಗೆ ಫಾಸ್ಫೇಟ್ ಹಚ್ಚುವ ಗ್ರಾಹಕ.

ಬಾಯಿ ಸಿಕ್ಕಿದ್ದು ಮರುವರ್ಷ. ಲಾಸ್ ಏಂಜಲೀಸ್‌ನ ಲ್ಯಾರಿ ಜಿಪುರ್‌ಸ್ಕಿ ಅವರ ತಂಡದವರು ಏಳನೆಯವನಿಲ್ಲದ ಇನ್ನೊಂದು ನೊಣವನ್ನು ಹಿಡಿದರು. ಅದರಲ್ಲಿ ಸೆವೆನ್‌ಲೆಸ್ ಪ್ರೊಟೀನ್ ನೆಟ್ಟಗಿತ್ತು. ಕೆಟ್ಟಿದ್ದು ಪಕ್ಕದ ಎಂಟನೆಯವನಲ್ಲಿ. ಎಂಟನೆಯವನ ಮೈಮೇಲೆ ಒಂದು ಪ್ರೊಟೀನ್ ಅಂಟಿಕೊಂಡಿರಬೇಕು. ಅದು ಸೆವೆನ್‌ಲೆಸ್‌ನ ತಲೆಗೆ ತಾಗಿದಾಗಲೇ ಏಳನೆಯವನಿಗೆ ಅಪ್ಪಣೆ ಸಿಗುವುದು. ಆ ಪ್ರೊಟೀನಿಗೆ ಅವರಿಟ್ಟ ಹೆಸರು ‘ಬ್ರೈಡ್ ಆಫ್ ಸೆವೆನ್‌ಲೆಸ್’, ಸೆವೆನ್‌ಲೆಸ್‌ನ ವಧು. ಮೊಟಕು ಮಾಡಿದರೆ ಬಾಸ್. ವಧುವನ್ನು ಬಾಸ್ ಮಾಡಿದ ಈ ತಮಾಷೆ ಬೇಕೆಂದೇ ಮಾಡಿದ್ದೋ ಏನೋ. ಆಮೇಲೆ ಈ ಮನೆತನ ಬೆಳೆಯಿತು: ‘ಸನ್ ಆಫ್ ಸೆವೆನ್‌ಲೆಸ್’ ಬಂದ, ‘ಡಾಟರ್ ಆಫ್ ಸೆವೆನ್‌ಲೆಸ್’ ಬಂದಳು, ಏಳನೆಯವನ ಗೈರುಹಾಜರಿಯಲ್ಲಿ ಎಂಬರ್ಥದ ‘ಸೆವೆನ್ ಇನ್ ಆಬ್ಸೆನ್ಷಿಯಾ’ ಬಂತು. ನೊಣದ ವಿಜ್ಞಾನಿಗಳಷ್ಟು ನಗಾಡಿಕೊಂಡು ಹೆಸರಿಡುವವರು ಬೇರೆಲ್ಲೂ ಇಲ್ಲ. ಮನುಷ್ಯನ ವಂಶವಾಹಿಗಳಿಗೆ ಅಕ್ಷರ ಮತ್ತು ಅಂಕಿ ಸೇರಿಸಿದ ನಂಬರ್‌ಪ್ಲೇಟಿನಂಥ ಹೆಸರುಗಳು.

ಒಂದು ವಿಚಿತ್ರ ನೋಡಿ. ಸೆವೆನ್‌ಲೆಸ್ ಗ್ರಾಹಕ ಏಳನೆಯವನಲ್ಲಿ ಮಾತ್ರ ಇಲ್ಲ, ಸುತ್ತಮುತ್ತಲಿನ ಹಲವು ಜೀವಕೋಶಗಳಲ್ಲೂ ಇದೆ. ಕಿವಿ ಹಲವರಿಗಿದ್ದರೂ ಮಾತಾಡುವವನು ಒಬ್ಬನೇ, ಅದೂ ಕೂಗಿ ಹೇಳುವುದಿಲ್ಲ, ಮೈಗೆ ಮೈ ತಾಗಿದರಷ್ಟೇ ಹೇಳುತ್ತಾನೆ. ಹೇಳಿ ಮುಗಿದ ಮೇಲೆ ಏಳನೆಯ ಜೀವಕೋಶ ಆ ವಧುವನ್ನು ಎಂಟನೆಯವನ ಮೈಯಿಂದ ಕಿತ್ತು ತನ್ನೊಳಗೆ ನುಂಗಿಬಿಡುತ್ತದೆ. ಸೂಕ್ಷ್ಮದರ್ಶಕದಲ್ಲಿ ಬಾಸ್ ಪ್ರೊಟೀನಿನ ಚುಕ್ಕೆಗಳು ಏಳನೆಯವನ ಹೊಟ್ಟೆಯಲ್ಲಿ ಕಾಣುತ್ತವೆ. ಅದನ್ನು ತಯಾರಿಸಿದ್ದು ಎಂಟನೆಯವ, ಸಿಕ್ಕಿದ್ದು ಏಳನೆಯವನಲ್ಲಿ.

ಗ್ರಾಹಕದಿಂದ ಮುಂದೆ ಸುದ್ದಿ ಹೇಗೆ ಹೋಗುತ್ತದೆ ಎಂಬುದು ನಿಜವಾದ ಒಗಟಾಗಿತ್ತು. ಒಂದೊಂದೇ ವಂಶವಾಹಿ ಕೆಡಿಸಿ ಯಾವ ನೊಣದಲ್ಲಿ ಏಳನೆಯವ ಇಲ್ಲ ಎಂದು ನೋಡಿದರಾಯಿತಲ್ಲ ಎನ್ನಿಸಬಹುದು. ಆಗುವುದಿಲ್ಲ. ಈ ದಾರಿಯ ಕೊಂಡಿಗಳು ಕಣ್ಣಿಗೆ ಮಾತ್ರ ಮೀಸಲಲ್ಲ. ಪೂರ್ತಿ ಕೆಡಿಸಿದರೆ ನೊಣವೇ ಹುಟ್ಟುವುದಿಲ್ಲ. ಸತ್ತ ಮೊಟ್ಟೆಯಲ್ಲಿ ಕಣ್ಣು ಹುಡುಕುವುದು ಎಲ್ಲಿಂದ? ರೂಬಿನ್ ಪ್ರಯೋಗಾಲಯದ ಮೈಕೆಲ್ ಸೈಮನ್ ಇದಕ್ಕೊಂದು ಉಪಾಯ ಹೂಡಿದರು. ನನ್ನ ಪ್ರಕಾರ ಇಡೀ ಕಥೆಯಲ್ಲಿ ಅತಿ ಜಾಣತನದ ಭಾಗ ಇದೇ.

ತಿಂಗಳ ಮೊದಲ ವಾರ ಜೇಬಿನಿಂದ 50 ರೂಪಾಯಿ ಬಿದ್ದುಹೋದರೆ ಗೊತ್ತೇ ಆಗುವುದಿಲ್ಲ. 28ನೇ ತಾರೀಕು ಬಿದ್ದರೆ ಹಾಲಿನವನಿಗೆ ಕೊಡಲು ಇರುವುದಿಲ್ಲ. ಸೈಮನ್ ನೊಣವನ್ನು 28ನೇ ತಾರೀಕಿಗೆ ತಂದು ನಿಲ್ಲಿಸಿದರು. ಬಿಸಿಗೆ ಸೊರಗುವ ಒಂದು ಸೆವೆನ್‌ಲೆಸ್ ಪ್ರೊಟೀನನ್ನು ನೊಣಕ್ಕೆ ಕೊಟ್ಟು, ಸಾಕುವ ಪೆಟ್ಟಿಗೆಯ ಉಷ್ಣಾಂಶವನ್ನು ಹದವಾಗಿ ತಿರುಗಿಸುತ್ತ ಹೋದರು. ಒಂದೆರಡು ಡಿಗ್ರಿ ಹೆಚ್ಚಾದರೆ ಏಳನೆಯವ ಮಾಯ, ಇಳಿಸಿದರೆ ಹಾಜರ್. ಗ್ರಾಹಕದ ಸದ್ದು ಸಾಕೋ ಸಾಲದೋ ಎಂಬ ಅಂಚಿನಲ್ಲಿ ಉಷ್ಣಾಂಶವನ್ನು ನಿಲ್ಲಿಸಿ ಆಮೇಲೆ ಬೇರೆ ವಂಶವಾಹಿಗಳನ್ನು ಕೆಡಿಸಿದರು. ಪೂರ್ತಿ ಅಲ್ಲ, ತಂದೆತಾಯಿಯಿಂದ ಬಂದ ಎರಡು ಪ್ರತಿಗಳಲ್ಲಿ ಒಂದನ್ನು ಮಾತ್ರ. ಮಾಮೂಲಿ ನೊಣಕ್ಕೆ ಅರ್ಧ ಸರಕಿದ್ದರೂ ಸಂಸಾರ ನಡೆಯುತ್ತದೆ. ಆದರೆ ಅಂಚಿನಲ್ಲಿ ನಿಂತ ಈ ನೊಣದಲ್ಲಿ ದಾರಿಯ ಯಾವ ಕೊಂಡಿ ಅರ್ಧವಾದರೂ ಏಳನೆಯವ ಬೀಳುತ್ತಾನೆ. ನೊಣ ಬದುಕಿರುತ್ತದೆ, ಕಣ್ಣಿನಲ್ಲಿ ಚುಕ್ಕಿ ಮಾತ್ರ ಇರುವುದಿಲ್ಲ.

1991ರಲ್ಲಿ ಈ ಬಲೆಗೆ ಏಳು ವಂಶವಾಹಿಗಳು ಬಿದ್ದವು. ಏಳನೆಯವನನ್ನು ಹುಡುಕಲು ಹೋಗಿ ಏಳೇ ಸಿಕ್ಕಿದ್ದು ಕಾಕತಾಳೀಯ ಬಿಡಿ. ಅವುಗಳಲ್ಲಿ ನಾಲ್ಕು ಬೇರೊಂದು ಗ್ರಾಹಕ ಕೈನೇಸಿಗೂ ಬೇಕಾದವೇ ಆಗಿದ್ದವು. ಬೇರೆಬೇರೆ ಊರಿನಿಂದ ಹೊರಟ ಬಸ್ಸುಗಳು ಮುಂದೆ ಒಂದೇ ಹೆದ್ದಾರಿಗೆ ಸೇರುವ ಹಾಗೆ. ಏಳರಲ್ಲಿ ಒಂದು ರಾಸ್. ಹೆಸರು ಕೇಳಿದ ತಕ್ಷಣ ಕ್ಯಾನ್ಸರ್ ವೈದ್ಯರ ಕಿವಿ ನೆಟ್ಟಗಾಗುತ್ತದೆ. ಮನುಷ್ಯನ ಗಡ್ಡೆಗಳಲ್ಲಿ ರಾಸ್ ಕೆಟ್ಟಿರುವುದು 1980ರ ದಶಕದ ಮೊದಲಿಗೇ ತಿಳಿದಿತ್ತು, ಆದರೆ ಗ್ರಾಹಕಕ್ಕೂ ರಾಸ್‌ಗೂ ನಡುವಿನ ಕೊಂಡಿ ಗೊತ್ತಿರಲಿಲ್ಲ. ಅದೇ ಏಳರಲ್ಲಿ ಇನ್ನೊಂದು ಆ ‘ಮಗ’, ಸನ್ ಆಫ್ ಸೆವೆನ್‌ಲೆಸ್. ರಾಸ್ ಅನ್ನು ಎಬ್ಬಿಸುವವನು ಇವನೇ. ಬ್ಯಾನರ್ಜಿ ಅವರ ಗುಂಪೂ ಅದೇ ವರ್ಷ ಇವನನ್ನು ಹಿಡಿದಿತ್ತು.

ಇಲ್ಲಿ ಬೆಂಗಳೂರಿನದೊಂದು ಎಳೆ ಇದೆ. ನೊಣದ ಒಂದು ಪ್ರೊಟೀನನ್ನು ಉಷ್ಣಾಂಶದಿಂದ ಆಡಿಸುವ ಆಟವನ್ನು ಅದೇ ಬೆಂಜರ್ ಪ್ರಯೋಗಾಲಯದಲ್ಲಿ 1970ರ ದಶಕದಲ್ಲೇ ಆಡಿದವರು ಒಬೈದ್ ಸಿದ್ದಿಕಿ. ಬಿಸಿ ತಾಗಿದರೆ ಕೈಕಾಲು ಸೋತು ಬೀಳುವ, ತಣ್ಣಗಾದರೆ ಎದ್ದು ನಡೆಯುವ ನೊಣಗಳ ನರಗಳಲ್ಲಿ ಏನಾಗುತ್ತದೆ ಎಂದು ಇಬ್ಬರೂ ಸೇರಿ ಬರೆದ ಪ್ರಬಂಧ 1976ರದ್ದು. ಮುಂಬೈಯ ಟಾಟಾ ಮೂಲವಿಜ್ಞಾನ ಸಂಸ್ಥೆಯಲ್ಲಿದ್ದ ಸಿದ್ದಿಕಿ ಆಮೇಲೆ ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರ ಕಟ್ಟಿದರು. ಹಣ್ಣುನೊಣ ಅಲ್ಲಿಗೂ ಬಂತು. ಮೈಸೂರಿನ ಮಾನಸಗಂಗೋತ್ರಿಯಲ್ಲಂತೂ ನೊಣಗಳ ತಳಿ ಕಾಯ್ದಿಡುವ ಕೇಂದ್ರವೇ ಇದೆ. ನೊಣಕ್ಕೆ ಅಲ್ಲಿ ಹಾಕುವ ಊಟ ನಮಗೆಲ್ಲ ಗೊತ್ತಿರುವಂಥದ್ದೇ: ಗೋಧಿ ರವೆ, ಬೆಲ್ಲ, ಗಟ್ಟಿಯಾಗಲು ಒಂದಿಷ್ಟು ಅಗರ್, ಬೂಸ್ಟು ಹಿಡಿಯದಿರಲು ಪ್ರೊಪಿಯೋನಿಕ್ ಆಮ್ಲ. ಕುದಿಯುವಾಗ ಘಮ ಸಜ್ಜಿಗೆಯದೇ. ಪದವಿ ತರಗತಿಯಲ್ಲಿ ಬಾಟಲಿಯ ಹತ್ತಿ ಬಿರಡೆ ತೆಗೆಯುವಾಗ ಕೈ ನಡುಗಿ ನನ್ನ ಪಾಲಿನ ಬಿಳಿಗಣ್ಣಿನ ನೊಣಗಳೆಲ್ಲ ಹಾರಿಹೋಗಿ, ಲೆಕ್ಕದ ಕೋಷ್ಟಕವನ್ನು ಪಕ್ಕದವನಿಂದ ನಕಲು ಹೊಡೆದದ್ದು ಈ ಘಮದ ಜತೆಗೇ ನೆನಪಾಗುತ್ತದೆ.

ದಾರಿ ಹಿಡಿಯೋಣ. ವಧು ತಾಗಿದ ಮೇಲೆ ಸೆವೆನ್‌ಲೆಸ್ ತನ್ನ ಬಾಲದ ಟೈರೋಸಿನ್‌ಗಳಿಗೆ ತಾನೇ ಫಾಸ್ಫೇಟ್ ಹಚ್ಚಿಕೊಳ್ಳುತ್ತದೆ. ಆ ಗುರುತು ಹಿಡಿದು ಡ್ರಕ್ ಎಂಬ ಪುಟ್ಟ ಪ್ರೊಟೀನ್ ಬಂದು ಅಂಟುತ್ತದೆ. ಡ್ರಕ್ ಕೈನೇಸ್ ಅಲ್ಲ, ಬರೀ ದಲ್ಲಾಳಿ: ಒಂದು ಕೈಯಲ್ಲಿ ಗ್ರಾಹಕ, ಇನ್ನೊಂದು ಕೈಯಲ್ಲಿ ಆ ಮಗ. ಹೀಗೆ ಪೊರೆಯ ಹತ್ತಿರಕ್ಕೆ ಬಂದ ಮಗ ಅಲ್ಲೇ ಕೂತಿರುವ ರಾಸ್‌ನ ಹಿಡಿತದಿಂದ ಜಿಡಿಪಿ ಎಂಬ ಅಣುವನ್ನು ಸಡಿಲಿಸುತ್ತಾನೆ. ಖಾಲಿಯಾದ ಜಾಗಕ್ಕೆ ಜಿಟಿಪಿ ಬಂದು ಕೂರುತ್ತದೆ. ರಾಸ್ ಎಚ್ಚರವಾಯಿತು. ಇಲ್ಲಿಂದ ಕೈನೇಸ್‌ಗಳ ಸರಪಳಿ.

ಸರಪಳಿಯ ಮೊದಲನೆಯವ ರಾಫ್. ಬೀಗ ಹೇಗಿರುತ್ತದೆ ಎಂದು ಹತ್ತಿರದಿಂದ ನೋಡಬೇಕಾದರೆ ಇವನನ್ನೇ ನೋಡಬೇಕು. ಕೆಲಸವಿಲ್ಲದಾಗ ರಾಫ್‌ನ ಮುಂಭಾಗ ಮಡಚಿಕೊಂಡು ತನ್ನದೇ ಕೈನೇಸ್ ಭಾಗದ ಮೇಲೆ ಕೂತಿರುತ್ತದೆ. ಆ ಮಡಿಕೆ ಬಿಚ್ಚದಂತೆ 14-3-3 ಎಂಬ ಪ್ರೊಟೀನ್ ಎರಡು ಕಡೆ ಕ್ಲಿಪ್ ಹಾಕಿದ ಹಾಗೆ ಹಿಡಿದಿರುತ್ತದೆ. ಕ್ಲಿಪ್ ಕೂರುವುದು ಫಾಸ್ಫೇಟ್ ಇರುವ ಜಾಗದಲ್ಲಿ. ಅಂದರೆ ಇಲ್ಲಿ ಫಾಸ್ಫೇಟ್ ಎಬ್ಬಿಸುವುದಿಲ್ಲ, ಮಲಗಿಸುತ್ತದೆ. ಎಚ್ಚರವಾದ ರಾಸ್ ರಾಫ್‌ನ ಮುಂಭಾಗ ಹಿಡಿದು ಪೊರೆಯ ಕಡೆಗೆ ಎಳೆಯುತ್ತದೆ, ಮಡಿಕೆ ಸಡಿಲವಾಗುತ್ತದೆ, ಅಡಗಿದ್ದ ಫಾಸ್ಫೇಟನ್ನು ಫಾಸ್ಫಟೇಸ್ ಬಂದು ಒರೆಸುತ್ತದೆ, ಒಂದು ಕ್ಲಿಪ್ ಕಳಚುತ್ತದೆ. ಇಷ್ಟಾದರೂ ಸಾಲದು. ರಾಫ್ ಒಂಟಿಯಾಗಿ ಕೆಲಸ ಮಾಡುವ ಪೈಕಿಯಲ್ಲ, ಅದರ ಪಕ್ಕಕ್ಕೆ ಭುಜಕ್ಕೆ ಭುಜ ಕೊಟ್ಟು ಇನ್ನೊಬ್ಬ ನಿಲ್ಲಬೇಕು.

ಆ ಇನ್ನೊಬ್ಬ ಯಾರು ಎಂಬುದರಲ್ಲಿ ನೊಣ ಮತ್ತೆ ದಾರಿ ತೋರಿಸಿತು. 1995ರಲ್ಲಿ ರೂಬಿನ್ ಪ್ರಯೋಗಾಲಯದಲ್ಲಿದ್ದ ಮಾರ್ಕ್ ಥೆರಿಯನ್ ಮತ್ತು ಸಂಗಡಿಗರು ಕೆಎಸ್ಆರ್ ಎಂಬ ಪ್ರೊಟೀನನ್ನು ವರದಿ ಮಾಡಿದರು. ನಮ್ಮ ಕಡೆಯ ಓದುಗರಿಗೆ ಆ ಮೂರಕ್ಷರ ಕಂಡರೆ ರೈಲು ನಿಲ್ದಾಣ ನೆನಪಾದೀತು, ಇದು ಬೇರೆ. ನೋಡಿದರೆ ಥೇಟು ಕೈನೇಸ್, ಆದರೆ ಫಾಸ್ಫೇಟ್ ಹಚ್ಚಲು ಬೇಕಾದ ಮುಖ್ಯ ಅಂಗವೊಂದು ಅದರ ಸಸ್ತನಿ ರೂಪದಲ್ಲಿ ನೆಟ್ಟಗಿಲ್ಲ. ಕೆಲಸ ಬಾರದ ಕೈನೇಸ್ ಜೀವಕೋಶಕ್ಕೆ ಯಾಕೆ ಬೇಕು? ಬಹಳ ವರ್ಷ ಜಗಳ ನಡೆಯಿತು. 2009ರಲ್ಲಿ ಕೆನಡಾದ ಮಾಂಟ್ರಿಯಲ್ ಮತ್ತು ಟೊರಾಂಟೊ ತಂಡಗಳು ಒಟ್ಟಾಗಿ ತೋರಿಸಿದ್ದು ಇದನ್ನು: ಕೆಎಸ್ಆರ್ ರಾಫ್‌ನ ಪಕ್ಕ ಬಂದು ಭುಜ ಕೊಡುತ್ತದೆ. ಆ ಒತ್ತಿಗೆ ರಾಫ್‌ನ ಒಳಮೈ ಕೆಲಸ ಮಾಡುವ ಭಂಗಿಗೆ ಜರುಗುತ್ತದೆ. ತಾನು ಹಾಡದೆ ತಂಬೂರಿ ಮೀಟುತ್ತ ಕೂರುವವರಿಲ್ಲವೇ, ಶ್ರುತಿ ಅವರಿಂದಲೇ ನಿಲ್ಲುವುದು. ರಾಫ್‌ಗೆ ರಾಫ್ ಕೂಡ ಜೋಡಿಯಾಗಬಹುದು. ಜೋಡಿ ಎಂಬ ಈ ಸಂಗತಿಯನ್ನು ನೆನಪಿಡಿ, ಮುಂದೆ ಔಷಧದ ಮಾತಿನಲ್ಲಿ ಬೇಕಾಗುತ್ತದೆ.

ಎದ್ದ ರಾಫ್ ಮುಂದಿನ ಕೈನೇಸ್ ಮೆಕ್‌ಗೆ ಫಾಸ್ಫೇಟ್ ಹಚ್ಚುತ್ತದೆ. ಮೆಕ್ ಅದರ ಮುಂದಿನದಕ್ಕೆ. ಮೂರನೆಯದಕ್ಕೆ ನೊಣದಲ್ಲಿ ‘ರೋಲ್ಡ್’ ಎಂದು ಹೆಸರು, ಕೆಟ್ಟಾಗ ರೆಕ್ಕೆಯ ಅಂಚು ಸುರುಳಿಯಾಗುವುದರಿಂದ. ಮನುಷ್ಯನಲ್ಲಿ ಇದೇ ಇಆರ್‌ಕೆ. ರೋಲ್ಡ್‌ನ ಅಗುಳಿಯಲ್ಲಿ ಒಂದು ಥ್ರಿಯೋನಿನ್, ಒಂದೇ ಜಾಗ ಬಿಟ್ಟು ಒಂದು ಟೈರೋಸಿನ್. ಎರಡಕ್ಕೂ ಫಾಸ್ಫೇಟ್ ಬಿದ್ದರಷ್ಟೇ ಬಾಗಿಲು ಪೂರ್ತಿ ತೆರೆಯುವುದು. ಬ್ಯಾಂಕ್ ಲಾಕರಿನ ಎರಡು ಚಾವಿ ಇದ್ದ ಹಾಗೆ. ಅಲ್ಲಿ ಒಂದು ಚಾವಿ ನಮ್ಮದು, ಇನ್ನೊಂದು ಬ್ಯಾಂಕಿನದು. ಇಲ್ಲಿ ಎರಡೂ ಮೆಕ್ ಕೈಯಲ್ಲೇ. ಸೆರೀನ್ ಅಥವಾ ಥ್ರಿಯೋನಿನ್ ಒಂದು ಕಡೆ, ಟೈರೋಸಿನ್ ಇನ್ನೊಂದು ಕಡೆ ಎಂದು ಹೆಚ್ಚಿನ ಕೈನೇಸ್‌ಗಳು ಪಾಲು ಮಾಡಿಕೊಂಡಿರುವಾಗ ಎರಡನ್ನೂ ಮುಟ್ಟುವ ಮೆಕ್ ಅಪರೂಪದವನು.

ತೆರೆದ ರೋಲ್ಡ್ ನ್ಯೂಕ್ಲಿಯಸ್ಸಿನೊಳಕ್ಕೆ ಹೋಗುತ್ತದೆ. ಅಲ್ಲಿ ಯಾನ್ ಎಂಬ ಪ್ರೊಟೀನ್ ನರಕೋಶವಾಗಲು ಬೇಕಾದ ವಂಶವಾಹಿಗಳ ಮೇಲೆ ಕಾವಲು ಕೂತಿರುತ್ತದೆ. ರೋಲ್ಡ್ ಫಾಸ್ಫೇಟ್ ಹಚ್ಚಿದ ಮೇಲೆ ಯಾನ್ ನ್ಯೂಕ್ಲಿಯಸ್ಸಿನಿಂದ ಹೊರದೂಡಲ್ಪಟ್ಟು ನಾಶವಾಗುತ್ತದೆ. ಅದೇ ಫಾಸ್ಫೇಟ್ ಪಾಯಿಂಟೆಡ್ ಎಂಬ ಇನ್ನೊಂದು ಪ್ರೊಟೀನಿಗೆ ಬಿದ್ದರೆ ಅದು ಕೆಲಸಕ್ಕೆ ನಿಲ್ಲುತ್ತದೆ. ಒಂದೇ ಮುದ್ರೆ, ಒಬ್ಬನಿಗೆ ಗಡೀಪಾರು, ಇನ್ನೊಬ್ಬನಿಗೆ ನೇಮಕಾತಿ. ಕೋನ್ ಆಗಬಹುದಾಗಿದ್ದ ಜೀವಕೋಶ ಏಳನೆಯವನಾಗುತ್ತದೆ.

ಈಗ ನನಗೆ ಅತಿ ಇಷ್ಟವಾದ ನೊಣ. 1994ರಲ್ಲಿ ಜ್ಯೂರಿಕ್‌ನಲ್ಲಿ ಹಾಫೆನ್ ಅವರ ಗುಂಪು ರೋಲ್ಡ್‌ನ ಒಂದು ಮಾರ್ಪಾಟನ್ನು ಕಂಡಿತು. ಪ್ರೊಟೀನಿನಲ್ಲಿ ಬದಲಾಗಿದ್ದು ಒಂದೇ ಒಂದು ಅಮೈನೋ ಆಮ್ಲ. ಆ ನೊಣದ ಕಣ್ಣಿನಲ್ಲಿ ಏಳನೆಯವನು ಒಬ್ಬನಲ್ಲ, ಒಂದೇ ಪುಟ್ಟ ಕಣ್ಣಿನಲ್ಲಿ ಇಬ್ಬರು ಮೂವರು. ವಧುವಿನ ಸುದ್ದಿಯೇ ಇಲ್ಲದ, ಕೋನ್ ಆಗಬೇಕಿದ್ದ ಕೆಲವು ಜೀವಕೋಶಗಳು ಏಳನೆಯವನ ವೇಷ ಹಾಕಿ ಕೂತಿವೆ. ಇದಕ್ಕೆ ‘ಸೆವೆನ್‌ಮೇಕರ್’ ಎಂದು ಹೆಸರು. ಇಷ್ಟು ಗದ್ದಲ ಎಬ್ಬಿಸಿದ ರೋಲ್ಡ್ ಭಾರೀ ಚುರುಕಾಗಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗಲ್ಲ. ಬದಲಾದ ಆ ಜಾಗ ಫಾಸ್ಫೇಟ್ ಒರೆಸಲು ಬರುವ ಫಾಸ್ಫಟೇಸ್ ಬಂದು ಹಿಡಿದುಕೊಳ್ಳುವ ಹಿಡಿ. ಹಿಡಿ ಹೋಗಿದ್ದರಿಂದ ಒರೆಸುವವನಿಗೆ ಆಧಾರ ಸಿಗುವುದಿಲ್ಲ. ಎಲ್ಲಿಂದಲೋ ಆಗಾಗ ಬೀಳುವ ಚೂರುಪಾರು ಫಾಸ್ಫೇಟ್ ಒರೆಸಲಾಗದೆ ಹಾಗೇ ಉಳಿದು ಉಳಿದು, ಕಡೆಗೆ ಅಪ್ಪಣೆಯಷ್ಟೇ ಜೋರಾಗಿಬಿಡುತ್ತದೆ. ಕೆರೆಯ ತೂಬು ಎತ್ತುವುದು ಯಾರಿಗಾದರೂ ಬಂದೀತು, ಯಾವ ಹೊತ್ತಿಗೆ ಇಳಿಸಬೇಕು ಎಂಬುದು ನೀರುಗಂಟಿಗೆ ಗೊತ್ತು. ಈ ಹೋಲಿಕೆಯನ್ನು ತುಂಬ ಎಳೆಯಬಾರದು. ತೂಬಿಗೆ ಒಬ್ಬ ನೀರುಗಂಟಿ, ಇಲ್ಲಿ ಹತ್ತಾರು. ಸ್ಪ್ರೌಟಿ ಎಂಬ ಪ್ರೊಟೀನನ್ನು ಈ ದಾರಿಯೇ ತಯಾರಿಸುತ್ತದೆ, ತಯಾರಾದ ಮೇಲೆ ಅದು ಅದೇ ದಾರಿಯನ್ನು ಹಿಂದಿನಿಂದ ಬಿಗಿಯುತ್ತದೆ. ಆರ್ಗೋಸ್ ಎಂಬುದು ಜೀವಕೋಶದಿಂದ ಹೊರಗೆ ಹರಿದು, ಅಕ್ಕಪಕ್ಕದವರಿಗೆ ಹೋಗಬೇಕಿದ್ದ ಸಂದೇಶವನ್ನೇ ಹಿಡಿದು ಕೂರುತ್ತದೆ. ನೀರು ಹೆಚ್ಚು ಹರಿದಷ್ಟೂ ತೂಬು ತಾನೇ ಇಳಿಯುವ ಏರ್ಪಾಡು.

ಇದೆಲ್ಲ ಆಸ್ಪತ್ರೆಗೆ ಬಂದದ್ದು ಹೀಗೆ. 2002ರಲ್ಲಿ ಬ್ರಿಟನ್ನಿನ ಸ್ಯಾಂಗರ್ ಸಂಸ್ಥೆಯವರು ಕ್ಯಾನ್ಸರ್ ಗಡ್ಡೆಗಳಲ್ಲಿ ರಾಫ್ ಬಳಗದ ಬಿ-ರಾಫ್ ಕೆಟ್ಟಿರುವುದನ್ನು ಕಂಡರು. ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಬಿ-ರಾಫ್ ಕೆಟ್ಟಿರುತ್ತದೆ, ಹೆಚ್ಚಾಗಿ ಒಂದೇ ಜಾಗದಲ್ಲಿ: 600ನೇ ಅಮೈನೋ ಆಮ್ಲವಾದ ವ್ಯಾಲಿನ್ ಹೋಗಿ ಗ್ಲುಟಮೇಟ್ ಬಂದಿರುತ್ತದೆ. ಗ್ಲುಟಮೇಟ್‌ಗೆ ಋಣ ಆವೇಶವಿದೆ. ಫಾಸ್ಫೇಟ್ ಬೀಳದೆಯೇ ಬಿದ್ದ ಹಾಗೆ ಅಗುಳಿ ಸರಿದುಬಿಡುತ್ತದೆ. ರಾಸ್ ಕರೆಯುವುದು ಬೇಡ, ಪಕ್ಕಕ್ಕೆ ಜೋಡಿಯೂ ಬೇಡ. ಇದನ್ನು ಅಡಗಿಸಲು ಬಂದ ವೆಮುರಾಫೆನಿಬ್ ಗುಳಿಗೆಗೆ 2011ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಗಡ್ಡೆಗಳು ಕೆಲವೇ ವಾರಗಳಲ್ಲಿ ಕರಗುವುದನ್ನು ವೈದ್ಯರು ಕಂಡರು. ಜತೆಗೆ ಇನ್ನೊಂದನ್ನೂ ಕಂಡರು: ಮೆಲನೋಮ ಕರಗುತ್ತಿರುವ ಕೆಲವು ರೋಗಿಗಳ ಚರ್ಮದಲ್ಲಿ ಬೇರೊಂದು ಬಗೆಯ ಕ್ಯಾನ್ಸರ್ ಗಂಟುಗಳು ಹೊಸದಾಗಿ ಏಳುತ್ತಿದ್ದವು.

ಒಂದು ಕಡೆ ಆರಿಸುವ ಔಷಧ ಇನ್ನೊಂದು ಕಡೆ ಹೊತ್ತಿಸುವುದು ಹೇಗೆ? ಆ ಜೋಡಿಯನ್ನು ನೆನೆಯಿರಿ. ರಾಫ್ ಕೆಟ್ಟಿರದ, ಆದರೆ ರಾಸ್ ಎಚ್ಚರವಾಗಿರುವ ಚರ್ಮದ ಜೀವಕೋಶದಲ್ಲಿ ಔಷಧ ಹೋಗಿ ಒಂದು ರಾಫ್‌ನ ಬಾಯಿಯಲ್ಲಿ ಕೂರುತ್ತದೆ. ಆ ರಾಫ್ ಸತ್ತ ಹಾಗೆಯೇ, ಆದರೆ ಔಷಧ ಕೂತ ಭಂಗಿಯಲ್ಲೇ ಅದು ಪಕ್ಕದ ರಾಫ್‌ಗೆ ಭುಜ ಕೊಡುತ್ತದೆ. ಔಷಧ ತಗಲದ ಆ ಪಕ್ಕದವನು ಎದ್ದು ಕೆಲಸ ಶುರುಮಾಡುತ್ತಾನೆ. ಕೆಎಸ್ಆರ್ ಮಾಡುವ ಕೆಲಸವನ್ನೇ ಗುಳಿಗೆ ನುಂಗಿದ ರಾಫ್ ಮಾಡಿತ್ತು. ಹಾಗಾಗಿ ಈಗ ರಾಫ್ ಗುಳಿಗೆಯ ಜತೆ ಮೆಕ್ ಅನ್ನು ಅಡಗಿಸುವ ಇನ್ನೊಂದು ಗುಳಿಗೆಯನ್ನೂ ಕೊಡುತ್ತಾರೆ. ಎರಡೂ ಸೇರಿದರೆ ಈ ಗಂಟುಗಳು ಕಡಿಮೆ.

ಸೆವೆನ್‌ಲೆಸ್ ಏನಾಯಿತು ಎಂದಿರಾ? ಮನುಷ್ಯನಲ್ಲಿ ಅದರ ಹತ್ತಿರದ ನೆಂಟ ಆರ್‌ಒಎಸ್-1. ನಮಗೆ ಅತಿನೇರಳೆ ಹಿಡಿಯುವ ಏಳನೆಯವನಿಲ್ಲ, ಎಂಟನೆಯವನ ಮೈಮೇಲಿನ ವಧುವೂ ಇಲ್ಲ. ಆರ್‌ಒಎಸ್-1 ಯಾರ ಮಾತು ಕೇಳುತ್ತದೆ ಎಂಬುದು ದಶಕಗಳ ಕಾಲ ತಿಳಿಯಲಿಲ್ಲ. ಈ ವಂಶವಾಹಿಯನ್ನು ತೆಗೆದ ಇಲಿಗಳು ಆರೋಗ್ಯವಾಗಿಯೇ ಇದ್ದವು, ಗಂಡಿಲಿಗಳಿಗೆ ಮಾತ್ರ ಮಕ್ಕಳಾಗಲಿಲ್ಲ. 2020ರಲ್ಲಿ ಜಪಾನಿನ ತಂಡವೊಂದು ಇಲಿಯ ವೃಷಣದಿಂದ ಎಪಿಡಿಡೈಮಿಸ್ ಎಂಬ ಸುರುಳಿನಾಳಕ್ಕೆ ಹರಿದುಬಂದು ಆರ್‌ಒಎಸ್-1 ಅನ್ನು ಎಬ್ಬಿಸುವ ನೆಲ್-2 ಎಂಬ ಪ್ರೊಟೀನನ್ನು ಹಿಡಿಯಿತು. ಶ್ವಾಸಕೋಶದ ಕ್ಯಾನ್ಸರಿನ ಮುಖ್ಯ ಬಗೆಯಲ್ಲಿ ನೂರಕ್ಕೆ ಒಬ್ಬಿಬ್ಬರಲ್ಲಿ ಇದೇ ಆರ್‌ಒಎಸ್-1 ತುಂಡಾಗಿರುತ್ತದೆ. ಹೊರಗಿನ ಮಾತು ಕೇಳುವ ದೊಡ್ಡ ತಲೆ ಹೋಗಿ, ಕೈನೇಸ್ ಬಾಲ ಬೇರಾವುದೋ ಪ್ರೊಟೀನಿನ ಮುಂಡಕ್ಕೆ ಅಂಟಿಕೊಂಡು, ಯಾರೂ ಹೇಳದೆಯೇ ಹಗಲೂ ರಾತ್ರಿ ಫಾಸ್ಫೇಟ್ ಹಚ್ಚುತ್ತಲೇ ಇರುತ್ತದೆ. ಕ್ರಿಜೋಟಿನಿಬ್ ಎಂಬ ಗುಳಿಗೆ 2016ರಿಂದ ಅಮೆರಿಕದಲ್ಲಿ ಇಂಥ ರೋಗಿಗಳಿಗೂ ಸಿಗುತ್ತಿದೆ. ಎಟಿಪಿ ಹೋಗಿ ಕೂರಬೇಕಾದ ಬಾಯಿಯಲ್ಲಿ ಆ ಗುಳಿಗೆ ತಾನು ಹೋಗಿ ಕೂರುತ್ತದೆ.